ಏಣಿಯ ಮೇಲಿನ ಕಿವಿ

ಗುರುವಾರ, ಮಧ್ಯಾಹ್ನ
ಆಪರೇಟರಮ್ಮನ ಮಹಡಿ ಮನೆಯಿಂದ

ಅಕ್ಕಾ,

ನಿನ್ನ ತಮ್ಮ ಮಾಡುವ ನಮಸ್ಕಾರ. ಕಾಗದ ಬರೆಯುವಾಗ ‘ನಾನು ಕ್ಷೇಮ’ ಅಂತ ಶುರು ಮಾಡಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಾಗೆ ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅದಕ್ಕೇ ಬಿಟ್ಟಿದ್ದೇನೆ.

ಸಾಸಿವೆ, ನಿನ್ನ ಅಮ್ಮನಿಗೆ ಓದಲು ಬರುವುದಿಲ್ಲ, ಇದನ್ನು ನೀನೇ ಓದಿ ಹೇಳಬೇಕು. ನಿನಗೆ ಕಷ್ಟವಾಗಬಾರದು ಅಂತ ಅಕ್ಷರ ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ಅಮ್ಮನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದರೆ ಈಗ ಓದಬೇಡ. ಕೆಲಸ ಮುಗಿಸಿ ಕೂತ ಮೇಲೆ ಓದು. ಇಲ್ಲದಿದ್ದರೆ ಯಾರದಾದರೂ ಅಂಗಿ ಸುಟ್ಟುಹೋದೀತು.

ಅಕ್ಕಾ, ಫೋನಿನಲ್ಲಿ ಹೇಳುವುದಕ್ಕೆ ಏನು ದಾಡಿ ಅಂತ ನೀನು ಕೇಳುತ್ತೀಯ. ಹೇಳಲು ನೋಡಿದೆ. ನೀನು ಫೋನ್ ಎತ್ತಿದ ಕೂಡಲೇ ಊಟ ಆಯ್ತಾ ಅನ್ನುತ್ತೀಯ. ಹೂಂ ಅನ್ನುತ್ತೇನೆ. ಆಮೇಲೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ನಿನಗೇ ಗೊತ್ತಲ್ಲ, ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದವನು ನಾನು. ನನ್ನ ತಮ್ಮನ ಪಾಲಿನ ಮಾತನ್ನೂ ನಾನೇ ಆಡಿಬಿಡುತ್ತೇನೆ ಅಂತ ನೀನು ಬಂದವರನ್ನು ನಗಿಸುತ್ತಿದ್ದೆ. ಈಗ ಆಡಬೇಕಾಗಿರುವ ಮಾತನ್ನು ನನ್ನ ಬದಲು ನೀನು ಆಡುವ ಹಾಗಿಲ್ಲ. ನಡುಮನೆಯ ಗೋಡೆಗೆ ಎರಡನೇ ಕೋಟ್ ಬಳಿದಿದ್ದೇನೆ. ಅದು ಒಣಗುವವರೆಗೆ ಕೈಗೆ ಕೆಲಸವಿಲ್ಲ. ಅಷ್ಟರಲ್ಲಿ ಬರೆದು ಮುಗಿಸಬೇಕು.

ಈ ಮಹಡಿ ಮನೆ ನಿನಗೆ ಬಾಡಿಗೆಗೆ ಯಾಕೆ ಸಿಗಲಿಲ್ಲ ಅನ್ನುವುದನ್ನು ಹೇಳಬೇಕಾಗಿದೆ. ನಿನ್ನ ಬಾಯಿ ಜೋರು ಅಂತ ಅಲ್ಲ. ಇಸ್ತ್ರಿ ಕೆಲಸದವಳು ಅಂತ ಅಲ್ಲ. ಗಂಡ ಸತ್ತ ಹೆಂಗಸು ಒಂಟಿಯಾಗಿದ್ದಾಳೆ ಅಂತಲೂ ಅಲ್ಲ. ನೀನು ಈ ಮೂರನ್ನೂ ಒಂದೊಂದಾಗಿ ಎಣಿಸಿ ಫೋನಿನಲ್ಲಿ ಹೇಳಿದೆಯಲ್ಲ, ಮೂರೂ ಸುಳ್ಳು. ನನ್ನಿಂದ ಸಿಗಲಿಲ್ಲ.

ಇರು, ಮೊದಲಿನಿಂದ ಹೇಳುತ್ತೇನೆ. ಮಧ್ಯದಿಂದ ಹೇಳಿದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ.

ಆಪರೇಟರಮ್ಮನನ್ನು ನೀನು ನೋಡಿದ್ದು ಹತ್ತು ನಿಮಿಷ. ಕೆಳಗೆ ಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತಿದ್ದರಲ್ಲ, ಬೆಳ್ಳಗಿನ ಗಿಡ್ಡ ಕೂದಲು, ಕಾಲಿನ ಕೆಳಗೆ ಮಣೆ. ಕೆಲಸದಲ್ಲಿ ಇದ್ದಷ್ಟು ಕಾಲವೂ ಟೆಲಿಫೋನ್ ಆಫೀಸಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿ ಕೊಟ್ಟವರು. ಮುಖ ನೋಡಿದರೆ ಮೋಸ ಹೋಗಬಹುದು, ಧ್ವನಿ ಕೇಳಿದರೆ ಮನುಷ್ಯ ತಪ್ಪಿಸಿಕೊಳ್ಳಲಾರ ಅಂತ ಅವರು ಹೇಳುತ್ತಾರೆ. ಈಗ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅವರಿಗೆ ಇಷ್ಟ ಬಂದಾಗ ಕೇಳುತ್ತದೆ, ಅದೂ ಅವರದೇ ಮಾತು. ಮಂಡಿ ನೋವು, ಮಹಡಿ ಹತ್ತುವ ಹಾಗಿಲ್ಲ. ಹಿಂದೆ ಇದ್ದ ಬಾಡಿಗೆಯವರು ಮಾತಿಗೆ ಬೆಣ್ಣೆ ಹಚ್ಚಿ ಒಳಗೆ ಬಂದು, ಹೋಗುವಾಗ ಬಾಗಿಲ ಚಿಲಕವನ್ನೂ ಬಿಚ್ಚಿಕೊಂಡು ಹೋದರಂತೆ. ಅದಕ್ಕೆ ಈ ಸಲ ಜಾಲಿಸಿ ನೋಡಿ ಕೊಡಬೇಕು ಅಂತ ಹಟ.

ನಾನು ಕೆಲಸಕ್ಕೆ ಬಂದ ಮೊದಲ ವಾರವೇ ಮನೆ ನೋಡುವವರು ಬರಲು ಶುರು ಮಾಡಿದರು. ಆಪರೇಟರಮ್ಮ ಬಂದವರ ಕೈಗೆ ಕೀಲಿಕೈ ಕೊಟ್ಟು ಮೇಲೆ ಕಳಿಸುತ್ತಿದ್ದರು, ನನ್ನನ್ನು ಕರೆದು ಒಂದು ಮಾತು ಹೇಳಿದರು. ನೀನು ನಿನ್ನ ಪಾಡಿಗೆ ಏಣಿ ಮೇಲೆ ಕೆಲಸ ಮಾಡುತ್ತಿರು. ಬಂದವರು ತಮ್ಮತಮ್ಮಲ್ಲಿ ಏನು ಮಾತಾಡುತ್ತಾರೆ ಅನ್ನುವುದನ್ನು ಕೇಳಿಸಿಕೊಂಡು ಬಂದು ನನಗೆ ಹೇಳು. ನನ್ನ ಮುಂದೆ ಎಲ್ಲರೂ ಸಾಧುಗಳೇ.

ಅಕ್ಕಾ, ಏಣಿಯ ಮೇಲಿರುವ ಪೇಂಟರು ಯಾರಿಗೂ ಕಾಣುವುದಿಲ್ಲ. ಅವನೂ ಗೋಡೆಯ ಒಂದು ತುಂಡು. ಒಬ್ಬ ಗಂಡಸು ಬಂದು ಅಡುಗೆಮನೆ ಕಡೆ ತಿರುಗಿಯೂ ನೋಡದೆ, ತನ್ನ ಮೀನಿನ ತೊಟ್ಟಿ ಎಲ್ಲಿ ಇಡುವುದು ಅಂತ ನಡುಮನೆಯನ್ನೆಲ್ಲ ಗೇಣು ಹಾಕಿದ. ಅವನ ಹೆಂಡತಿ, ಮೀನಿಗೆ ಮೊದಲು ಮನೆ ಮಾಡಿಕೊಡಿ, ನಾನು ಮಕ್ಕಳು ತೊಟ್ಟಿಯೊಳಗೇ ಇರುತ್ತೇವೆ ಅಂದಳು. ಇಬ್ಬರು ಹುಡುಗರು ಬಂದಿದ್ದರು, ಓದುವವರು. ಕೆಳಗೆ ಹೋಗಿ ಏನು ಹೇಳಬೇಕು ಅಂತ ಕಿಟಕಿ ಹತ್ತಿರ ನಿಂತು ಪಾಠ ಒಪ್ಪಿಸಿಕೊಂಡರು. ನಾವು ಒಂಬತ್ತಕ್ಕೆ ಮಲಗುತ್ತೇವೆ ಅನ್ನು ಅಂತ ಒಬ್ಬ, ಅಷ್ಟು ಹೇಳಿದರೆ ನಂಬಲ್ಲ ಕಣೋ, ಹತ್ತು ಅನ್ನೋಣ ಅಂತ ಇನ್ನೊಬ್ಬ.

ಇದನ್ನೆಲ್ಲ ಸಂಜೆ ಕೈ ತೊಳೆದುಕೊಂಡು ಬಂದು ಆಪರೇಟರಮ್ಮನಿಗೆ ಹೇಳುತ್ತಿದ್ದೆ. ಅವರ ಬಲಗಿವಿಯ ಪಕ್ಕ ಕೂತು, ಗಟ್ಟಿಯಾಗಿ. ಮೊದಲ ದಿನ ಅರ್ಧಂಬರ್ಧ ಹೇಳಿದೆ. ಅವರು ಅವಸರ ಮಾಡಲಿಲ್ಲ. ಎರಡನೇ ದಿನ ನನಗೆ ಅಂತ ಇನ್ನೊಂದು ಕುರ್ಚಿ ಹಾಕಿಸಿದ್ದರು. ಮೀನಿನ ತೊಟ್ಟಿಯ ಕಥೆ ಹೇಳಿದಾಗ ಎಷ್ಟು ನಕ್ಕರು ಅಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನೀನು ಮಾತಾಡಿದರೆ ಎದುರಿಗೆ ನಡೆದ ಹಾಗೆ ಕಾಣುತ್ತದೆ ಕಣಪ್ಪಾ ಅಂದರು. ಆ ಒಂದು ಮಾತಿಗೆ ನಾನು ಬಿದ್ದುಹೋದೆ. ನನ್ನ ಮಾತಿಗೆ ಯಾರೂ ಹಾಗೆ ಕಾದು ಕೂತಿರಲಿಲ್ಲ. ದಿನವಿಡೀ ಏಣಿಯ ಮೇಲೆ ಸಂಜೆಯ ಕಥೆ ಜೋಡಿಸುತ್ತಿದ್ದೆ. ಆ ಹುಡುಗರು ಆಡದ ಮಾತನ್ನೂ ಒಂದೆರಡು ಸೇರಿಸಿದೆ. ಉಪ್ಪು ಖಾರ ಅಷ್ಟೇ ಅಂದುಕೊಂಡೆ. ಆ ಹುಡುಗರಿಗೆ ಮನೆ ಸಿಗಲಿಲ್ಲ. ಅದು ನಾನು ಸೇರಿಸಿದ ಮಾತಿನಿಂದಲೋ ಅವರು ಆಡಿದ ಮಾತಿನಿಂದಲೋ ಅಂತ ನಾನು ವಿಚಾರಿಸಲಿಲ್ಲ. ವಿಚಾರಿಸಲು ಇಷ್ಟವಿರಲಿಲ್ಲ.

ಇನ್ನು ನಿನ್ನ ವಿಷಯ.

ನೀನು ನನ್ನ ಕೆಲಸದ ಬಟ್ಟೆಗೂ ಇಸ್ತ್ರಿ ಹಾಕಿ ಕೊಡುತ್ತೀಯ. ಬಣ್ಣ ಮೆತ್ತಿಕೊಂಡು ಹಲಗೆ ಆಗಿರುವ ಪ್ಯಾಂಟಿಗೂ ಗೆರೆ ಎಳೆಯುತ್ತೀಯ. ಬೇಡ ಅಂದರೆ, ಇಸ್ತ್ರಿಯವಳ ತಮ್ಮ ಸುಕ್ಕು ಬಟ್ಟೆ ಹಾಕಿಕೊಂಡು ಹೋದರೆ ನನ್ನ ಗಿರಾಕಿಗಳು ಓಡಿಹೋಗುತ್ತಾರೆ ಅನ್ನುತ್ತೀಯ. ಆಪರೇಟರಮ್ಮ ಒಂದು ದಿನ ನನ್ನ ಅಂಗಿಯ ಕಾಲರು ಮುಟ್ಟಿ ನೋಡಿದರು. ಪೇಂಟರುಗಳನ್ನು ಬೇಕಾದಷ್ಟು ನೋಡಿದ್ದೇನೆ, ಹೀಗೆ ಮಡಿಕೆ ಮುರಿಯದ ಅಂಗಿ ಹಾಕಿಕೊಂಡು ಬಂದವನನ್ನು ನೋಡಿಲ್ಲ, ಒಳ್ಳೆ ಮನೆಯಲ್ಲಿ ಬೆಳೆದವನು ನೀನು, ಯಾರು ಮಾಡಿಕೊಡುತ್ತಾರೆ ಅಂತ ಕೇಳಿದರು. ಅಕ್ಕ ಅಂದೆ. ಅಕ್ಕ ಏನು ಮಾಡಿಕೊಂಡಿದ್ದಾಳೆ ಅಂದರು.

ಆಫೀಸಿಗೆ ಹೋಗುತ್ತಾಳೆ ಅಂದೆ.

ಯಾಕೆ ಅಂದೆ ಅಂತ ಕೇಳಬೇಡ. ಕುರ್ಚಿ ಮೇಲೆ ಕೂತಿದ್ದೆ ಅಂತ ಕಾಣುತ್ತದೆ. ಮೆಟ್ಟಿಲ ಮೇಲೆ ಕೂತಿದ್ದರೆ ಇಸ್ತ್ರಿ ಅಂಗಡಿ ಅಂತಲೇ ಅನ್ನುತ್ತಿದ್ದೆನೋ ಏನೋ. ಒಂದು ಸಲ ಹೇಳಿದ ಮೇಲೆ ಅದಕ್ಕೆ ಕೈಕಾಲು ಬಂತು. ನೀನು ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತೀಯ, ಮೆಲ್ಲಗೆ ಮಾತಾಡುತ್ತೀಯ, ಸ್ವಂತ ಮನೆ ಇದೆ, ಕಿಟಕಿಗಳಿಗೆ ಹೂವಿನ ಪರದೆ ಇದೆ ಅಂದೆ. ಆ ಪರದೆಯ ಬಣ್ಣವನ್ನೂ ಹೇಳಿದೆ. ಅಕ್ಕಾ, ನೀನು ಮಾಡಿದ ಇಸ್ತ್ರಿಯಿಂದ ನನಗೆ ಬಂದ ಮರ್ಯಾದೆ ಅದು. ಅದನ್ನು ಇಟ್ಟುಕೊಂಡು ನಿನ್ನನ್ನು ಆಚೆಗೆ ತಳ್ಳಿದೆ.

ಅದೇ ವಾರ ಕಟ್ಟಡ ಕೆಡವುವ ನೋಟಿಸು ನಿಮ್ಮ ಕೋಣೆಗೆ ಬಂತು. ಸಾಸಿವೆ ಓದಿ ಹೇಳಿದಳು ಅಂತ ನೀನು ಫೋನ್ ಮಾಡಿದೆ. ನಾನು ಮಹಡಿ ಮನೆಯ ವಿಷಯ ಹೇಳಿದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಂಬು. ಮನೆ ನಿನಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತ್ತು. ನಿನ್ನ ಗಿರಾಕಿಗಳ ಬೀದಿ ಪಕ್ಕದಲ್ಲೇ, ಸಾಸಿವೆಯ ಶಾಲೆ ತಿರುವಿನಲ್ಲೇ, ಮೆಟ್ಟಿಲ ಕೆಳಗೆ ಇಸ್ತ್ರಿ ಮೇಜು ಇಡುವಷ್ಟು ಜಾಗ. ಫೋನ್ ಇಟ್ಟ ಮೇಲೆ ಹೂವಿನ ಪರದೆ ನೆನಪಾಯಿತು.

ಆಗಲೇ ಕೆಳಗೆ ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಮರುದಿನ ನೀನೇ ನನಗೊಂದು ಮರೆ ಮಾಡಿಕೊಟ್ಟೆ. ತಮ್ಮನೇ ಅಕ್ಕನನ್ನು ಹೊಗಳಿದರೆ ಯಾರು ನಂಬುತ್ತಾರೆ, ನಾವಿಬ್ಬರೂ ಗೊತ್ತಿಲ್ಲದವರ ಹಾಗೆ ಇರೋಣ, ನೀನು ಏಣಿ ಮೇಲಿಂದ ಕೇಳಿಸಿಕೊಂಡವನ ಹಾಗೆ ನಾಲ್ಕು ಒಳ್ಳೆ ಮಾತು ಹೇಳು ಅಂದೆ. ನಿನಗೆ ಅದು ಆಟ. ನನಗೆ ತಲೆ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ನೀನು ಬಂದ ದಿನ ನಾನು ಏಣಿಯ ಮೇಲೆಯೇ ಇದ್ದೆ. ಮೇಲೆ ಬಂದವಳೇ ಸೊಂಟಕ್ಕೆ ಕೈ ಕೊಟ್ಟು ನಿಂತು, ಏನಪ್ಪಾ ಪೇಂಟರೇ, ಮೂಲೆ ಬಿಟ್ಟುಬಿಟ್ಟಿದ್ದೀರಲ್ಲ, ಅದಕ್ಕೆ ಬೇರೆ ಕೂಲಿನಾ ಅಂತ ಕೆಳಗಿನವರೆಗೆ ಕೇಳಿಸುವ ಹಾಗೆ ಕೇಳಿದೆ. ಕಣ್ಣಲ್ಲೇ ನಗುತ್ತಿದ್ದೆ. ಸಾಸಿವೆ ಮಾಮಾ ಅನ್ನಲು ಬಾಯಿ ತೆರೆದಳು, ನೀನು ಅವಳ ಜಡೆ ಎಳೆದೆ. ಆಮೇಲೆ ಒಂದೊಂದೇ ಕೋಣೆ ನೋಡಿದೆ. ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬರುತ್ತದೆ ಅಂತ ಸಾಸಿವೆಗೆ ತೋರಿಸಿದೆ, ನೀರು ಅನ್ನುವುದನ್ನೇ ಅವಳು ಮೊದಲ ಸಲ ನೋಡುತ್ತಿರುವ ಹಾಗೆ. ಕೊನೆಗೆ ಏಣಿಯ ಹತ್ತಿರ ಬಂದು, ಗೋಡೆಗೆ ಅಂಗೈ ತಾಗಿಸದೆ, ಒಂದು ಬೆರಳಿನ ದೂರದಲ್ಲಿ ಹಿಡಿದು ಇಷ್ಟು ಹೇಳಿದೆ, ನಿನಗೂ ಪಿಸುಮಾತು ಬರುತ್ತದೆ ಅಂತ ಅವತ್ತೇ ನನಗೆ ಗೊತ್ತಾದದ್ದು:

“ಕೆಂಡದ ಪೆಟ್ಟಿಗೆ ಬಿಟ್ಟು ಕರೆಂಟಿನದು ತಗೋತೀನಿ ಕಣೋ. ನೀನು ಬಳಿದ ಗೋಡೆಗೆ ಹೊಗೆ ತಾಗಬಾರದು.”

ನಾನು ಬ್ರಷ್ಷನ್ನು ಡಬ್ಬದಲ್ಲಿ ಅದ್ದುತ್ತಲೇ ಇದ್ದೆ.

ನೀನು ಕೀಲಿಕೈ ಕೊಡಲು ಕೆಳಗೆ ಇಳಿದೆ. ಸಾಸಿವೆ ಒಂದು ಗಳಿಗೆ ಹಿಂದೆ ನಿಂತಳು. ಕತ್ತೆತ್ತಿ ನೋಡಿ, ಆಟ ಕೆಡಿಸಬಾರದು ಅಂತ ದೊಡ್ಡವರ ಹಾಗೆ ಮುಖ ಮಾಡಿಕೊಂಡು ಕೇಳಿದಳು:

“ಪೇಂಟರ್ ಅಂಕಲ್, ನೀವು ನಮ್ಮ ಮಾಮನ ಥರಾನೇ ಇದ್ದೀರ. ನಿಮಗೆ ಗೊತ್ತಾ ಅವರು?”

ನಾನು ಉತ್ತರ ಕೊಡಲಿಲ್ಲ. ನಗಲೂ ಇಲ್ಲ. ಅವಳು ಆಟ ಗೆದ್ದೆ ಅಂದುಕೊಂಡು ಕುಣಿದುಕೊಂಡು ಇಳಿದು ಹೋದಳು.

ಅವತ್ತು ಸಂಜೆ ಕುರ್ಚಿಯಲ್ಲಿ ಕೂತೆ. ಬೇರೆಯವರ ವಿಷಯಕ್ಕೆ ಆಪರೇಟರಮ್ಮ, ಹೂಂ ಹೇಳು ಅಂತ ಕಾಯುತ್ತಿದ್ದರು. ಅವತ್ತು ಅವರೇ ಮೊದಲು ಕೇಳಿದರು.

“ಆ ಹೆಂಗಸು ನಿನಗೇನಾದರೂ ಆಗಬೇಕೇನಪ್ಪಾ?”

ಯಾರೂ ಅಲ್ಲಮ್ಮ ಅಂದೆ.

ಗೊತ್ತಿರುವವರಾದರೂ ಹೌದೋ ಅಂತ ಕೇಳಿದರು. ಅವತ್ತೇ ಮೊದಲ ಸಲ ನೋಡಿದ್ದು ಅಂದೆ.

ಇಷ್ಟರವರೆಗೆ ನೀನು ಹೇಳಿಕೊಟ್ಟ ಆಟವೇ ಅಂತ ನನ್ನ ಮನಸ್ಸಿಗೆ ನಾನು ಸಮಾಧಾನ ಹೇಳಿಕೊಂಡೆ. ಆದರೆ ಆಟದ ಇನ್ನರ್ಧ, ನಾಲ್ಕು ಒಳ್ಳೆ ಮಾತು ಹೇಳುವುದು, ಬಾಕಿ ಇತ್ತಲ್ಲ. ಅದು ಬಾಯಿಗೆ ಬಂದಿತ್ತು. ಹೇಳಿದರೆ ನೀನು ಬಂದು ಮೆಟ್ಟಿಲ ಕೆಳಗೆ ಮೇಜು ಹಾಕುತ್ತೀಯ. ಒಂದೇ ದಿನಕ್ಕೆ, ನನ್ನ ತಮ್ಮ ಅಂತ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತೀಯ. ಆಪರೇಟರಮ್ಮ ನನ್ನ ಮುಖ ನೋಡುತ್ತಾರೆ. ಹೂವಿನ ಪರದೆ ಎಲ್ಲಪ್ಪಾ ಅನ್ನುತ್ತಾರೆ. ನನಗೆ ಹಾಕಿದ ಕುರ್ಚಿ ಒಳಗೆ ಹೋಗುತ್ತದೆ.

ಅದಕ್ಕೆ ಹೀಗೆ ಹೇಳಿದೆ. ಆ ಹೆಂಗಸು ಬೀದಿಯ ಬಟ್ಟೆಯನ್ನೆಲ್ಲ ತಂದು ಒಳಗೆ ಕೆಂಡ ಹಾಕಿ ಇಸ್ತ್ರಿ ಮಾಡುತ್ತಾಳಂತೆ, ಗೋಡೆ ಕಪ್ಪಾದರೆ ನಮಗೇನು, ಬೇರೆಯವರ ಮನೆ ತಾನೇ ಅಂತ ಮಗುವಿಗೆ ಹೇಳುತ್ತಿದ್ದಳು ಅಂದೆ.

ಅಕ್ಕಾ, ನೀನು ಬೆರಳು ತಾಗಿಸದ ಗೋಡೆ ಅದು.

ಸಾಸಿವೆ, ಇಲ್ಲಿ ಸ್ವಲ್ಪ ನಿಲ್ಲಿಸು. ಅಮ್ಮನಿಗೆ ನೀರು ಕೊಡು. ನೀನೂ ಕುಡಿ.

ಆಪರೇಟರಮ್ಮ ಅವತ್ತು ನಗಲಿಲ್ಲ. ನನ್ನನ್ನೇ ನೋಡಿ, ಸರಿ ಬಿಡು ಅಂದರು. ಎರಡು ದಿನ ಬಿಟ್ಟು ನೀನು ಕೇಳಲು ಬಂದಾಗ ಬೇರೆಯವರಿಗೆ ಮಾತಾಗಿದೆ ಅಂದರು. ನಾನು ಮೇಲೆ ಕಿಟಕಿಗೆ ಉಪ್ಪುಕಾಗದ ಉಜ್ಜುತ್ತಿದ್ದೆ. ನೀನು ಗೇಟಿನ ಹತ್ತಿರ ನಿಂತು ಒಂದು ಸಲ ಮೇಲೆ ನೋಡಿದೆ. ನಾನು ಇನ್ನೂ ಜೋರಾಗಿ ಉಜ್ಜಿದೆ.

ಸಂಜೆ ನೀನು ಫೋನ್ ಮಾಡಿದೆ. ಬೈಯುತ್ತೀಯ ಅಂದುಕೊಂಡಿದ್ದೆ. ನೀನು, ಬಿಡೋ, ನಿನ್ನದೇನು ತಪ್ಪು, ನೀನು ಹೇಳುವಷ್ಟು ಹೇಳಿರುತ್ತೀಯ, ನನ್ನ ಗಂಟಲೇ ನನಗೆ ಶತ್ರು ಅಂದೆ. ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿದಾಗ, ನೀನು ಮೆಲ್ಲಗೆ ಮಾತಾಡಲು ಕಲಿಯುತ್ತಿದ್ದೀಯ ಅಂತ ಸಾಸಿವೆ ಫೋನ್ ಕಿತ್ತುಕೊಂಡು ಹೇಳಿದಳು. ಗಿರಾಕಿಗಳು ಎರಡೆರಡು ಸಲ ಕೇಳುತ್ತಾರಂತೆ, ಹುಷಾರಿಲ್ಲವಾ ಅನ್ನುತ್ತಾರಂತೆ. ಅವಳು ನಗುತ್ತಾ ಹೇಳಿದಳು. ಆಮೇಲೆ ನೀನು ಫೋನ್ ತೆಗೆದುಕೊಂಡು, ಸಿಗುತ್ತಿರುವುದು ಊರಾಚೆ ತಗಡಿನ ಕೋಣೆ ಒಂದೇ, ಅಲ್ಲಿಂದ ಶಾಲೆಗೆ ಬಸ್ಸಿಲ್ಲ, ಸಾಸಿವೆಯನ್ನು ಅವಳ ಅಪ್ಪನ ಅಮ್ಮನ ಮನೆಗೆ ಕಳಿಸಿಬಿಡುತ್ತೇನೆ, ಮುಂದಿನ ವಾರ ಬಂದು ಕರೆದುಕೊಂಡು ಹೋಗುತ್ತಾರೆ ಅಂದೆ. ಅದನ್ನೂ ಮೆಲ್ಲಗೇ ಹೇಳಿದೆ.

ನಾನು ಹೂಂ ಅಂದೆ. ಅಷ್ಟೇ ಅಂದದ್ದು.

ಮನೆ ಇಲ್ಲ ಅಂದ ದಿನದಿಂದ ನಾನು ನಿಮ್ಮ ಕೋಣೆ ಕಡೆ ಬಂದಿಲ್ಲ. ಕೆಲಸ ಜಾಸ್ತಿ ಅಂದದ್ದು ಸುಳ್ಳು. ನಿನ್ನ ಕೈಗೆ ಬಟ್ಟೆ ಕೊಟ್ಟು, ನೀನು ಗೆರೆ ಎಳೆದು ಕೊಟ್ಟದ್ದನ್ನು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಇಲ್ಲೇ ನಲ್ಲಿ ಕೆಳಗೆ ಒಗೆದು ಹಿಂಡಿ ಹಾಕಿಕೊಳ್ಳುತ್ತಿದ್ದೆ. ನಿನ್ನೆ ಸಂಜೆ ಆಪರೇಟರಮ್ಮ ನನ್ನ ಅಂಗಿ ನೋಡಿ, ಅಕ್ಕನ ಹತ್ತಿರ ಜಗಳವಾ ಅಂತ ಕೇಳಿದರು.

ಅಳಬಾರದು ಅಂತ ತಲೆ ಬಗ್ಗಿಸಿದೆ. ಬಗ್ಗಿಸಿದ್ದಕ್ಕೇ ಅಳು ಬಂತು. ಕುರ್ಚಿಯಿಂದ ಎದ್ದು ಕೆಳಗೆ ಮೆಟ್ಟಿಲ ಮೇಲೆ ಕೂತೆ, ಅಲ್ಲಿ ಕೂತು ಎಲ್ಲಾ ಹೇಳಿದೆ. ಆಫೀಸು, ಪರದೆ, ಕೆಂಡ, ಆ ಹುಡುಗರ ಬಾಯಿಗೆ ನಾನು ತುರುಕಿದ ಮಾತು ಎಲ್ಲಾ. ಅವರ ಕಿವಿಗೆ ಕೇಳಿಸಬೇಕಲ್ಲ, ಅದಕ್ಕೆ ಗಟ್ಟಿಯಾಗಿ ಹೇಳಬೇಕಾಯಿತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ನಾಚಿಕೆಯನ್ನು ಪಿಸುಮಾತಿನಲ್ಲಿ ಹೇಳುವ ಹಾಗಿರಲಿಲ್ಲ.

ಅವರು ಕೇಳಿ ಮುಗಿಸಿ, ಅವಳು ನಿನ್ನ ಒಡಹುಟ್ಟಿದವಳು ಅಂತ ನನಗೆ ಗೊತ್ತಿತ್ತು ಅಂದರು.

ಅಕ್ಕಾ, ನೀನು ಮೇಲಿನಿಂದ ‘ಏನಪ್ಪಾ ಪೇಂಟರೇ’ ಅಂದಾಗಲೇ ಗೊತ್ತಾಯಿತಂತೆ. ಮಾತಿನ ಕೊನೆಯನ್ನು ನೀನೂ ನಾನೂ ಒಂದೇ ಥರ ಎಳೆಯುತ್ತೇವಂತೆ. ಒಬ್ಬರು ಜೋರು, ಒಬ್ಬರು ಮೆಲ್ಲಗೆ, ಆದರೆ ದಾರ ಒಂದೇ ಉಂಡೆಯದು ಅಂದರು. ಅದಕ್ಕೇ ನನ್ನನ್ನು ಕೇಳಿದರಂತೆ. ಹೌದಮ್ಮಾ ನನ್ನ ಅಕ್ಕ ಅಂತ ನಾನು ಅಂದಿದ್ದರೆ ಅಲ್ಲೇ ಕೀಲಿಕೈ ಕೊಡುವವರಿದ್ದರಂತೆ. ಕೆಂಡದ ಮಾತನ್ನು ಅವರು ನಂಬಿರಲೂ ಇಲ್ಲ. ಹೆಂಗಸರು ಮಕ್ಕಳಿಗೆ ಹಾಗೆ ಹೇಳಲ್ಲ, ಅದು ಗಂಡು ಕಟ್ಟಿದ ಮಾತು ಅಂತ ಆಗಲೇ ಅನ್ನಿಸಿತಂತೆ.

ಹಾಗಾದರೆ ಮನೆ ಯಾಕೆ ಕೊಡಲಿಲ್ಲ ಅಂತ ಕೇಳಿದೆ.

“ಒಡಹುಟ್ಟಿದವನೇ ಯಾರೂ ಅಲ್ಲ ಅಂದ ಮೇಲೆ, ಆ ಹೆಂಗಸು ಇನ್ನೆಂಥವಳಿರಬೇಕು ಅಂದುಕೊಂಡೆನಪ್ಪಾ.”

ಹೀಗೆ ಅಂದರು. ಜೋರು ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಮೇಲೆ ಹೇಳಲು ನಾನು ಕಟ್ಟಿದ ಸುಳ್ಳು ಗೋಡೆಗೆ ಅಂಟಲೇ ಇಲ್ಲ, ಉದುರಿಹೋಯಿತು. ನಿನಗೆ ಮನೆ ತಪ್ಪಿಸಿದ್ದು ಆ ಸುಳ್ಳಲ್ಲ. ಅದಕ್ಕೂ ಮುಂಚೆ, ಇದು ಬರೀ ಆಟ ಅಂತ ಅಂದುಕೊಂಡು ಆಡಿದ ಎರಡು ಪದ.

ಇನ್ನೊಂದು ಮಾತು ಅವರು ಹೇಳಿದರು. ಇದನ್ನು ಸಾಸಿವೆ ಎರಡು ಸಲ ಓದಲಿ. ಮನೆ ನೋಡಲು ಬಂದ ಅಷ್ಟು ಜನರಲ್ಲಿ ಅವರ ಕಿವಿಗೆ ಮೊದಲಿನಿಂದ ಕೊನೆಯವರೆಗೆ ಕೇಳಿಸಿದ್ದು ನಿನ್ನ ಮಾತು ಒಂದೇ ಅಂತೆ. ಉಳಿದವರೆಲ್ಲ ನಯವಾಗಿ ಮಾತಾಡಿ ತುಟಿ ಅಲ್ಲಾಡಿಸಿ ಹೋದರಂತೆ. ಆ ಹೆಂಗಸು ಮೇಲಿದ್ದರೆ ನನಗೆ ಕಿವಿ ಕೇಳಿಸುವ ಯಂತ್ರವೇ ಬೇಡವಾಗಿತ್ತು ಅಂದರು. ಅಕ್ಕಾ, ದಯವಿಟ್ಟು ಮೆಲ್ಲಗೆ ಮಾತಾಡಬೇಡ. ನಿನಗೆ ಅದು ಒಪ್ಪುವುದಿಲ್ಲ.

ಮನೆ ಇನ್ನೂ ಯಾರಿಗೂ ಹೋಗಿಲ್ಲ. ಮಾತಾಗಿರುವವರು ಭಾನುವಾರ ಮುಂಗಡ ಹಿಡಿದುಕೊಂಡು ಬರುತ್ತಾರೆ. ಅದಕ್ಕೆ ಮುಂಚೆ ನೀನು ಬಂದರೆ ಆಪರೇಟರಮ್ಮ ನಿನ್ನ ಹತ್ತಿರ ತಾವೇ ಮಾತಾಡುತ್ತಾರೆ. ಏಣಿ ಮೇಲೆ ಯಾರೂ ಇರುವುದಿಲ್ಲ. ನನ್ನ ಮಾತನ್ನು ಇನ್ನು ಯಾರ ವಿಷಯಕ್ಕೂ ಅವರು ಕೇಳುವುದಿಲ್ಲವಂತೆ, ಒಳ್ಳೆಯದಿರಲಿ ಕೆಟ್ಟದಿರಲಿ. ಕೊಡುತ್ತೇನೆ ಅಂತ ಅವರು ಮಾತು ಕೊಟ್ಟಿಲ್ಲ. ಬರಲಿ ಅಂತ ಮಾತ್ರ ಅಂದಿದ್ದಾರೆ.

ನಾನು ಆಗಲೇ ಫೋನ್ ತೆಗೆದೆ. ಬಾ ಅಂತ ಒಂದು ಮಾತು ಹೇಳಿದರೆ ಸಾಕಲ್ಲ ಅಂದುಕೊಂಡೆ. ಅವರು ತಡೆದರು. ಬರೀ ಬಾ ಅಂದರೆ, ತಮ್ಮ ಕಾಡಿಬೇಡಿ ಕೊಡಿಸಿದ ಅಂತ ಅವಳು ನಿನಗೆ ಉಪಕಾರ ಹೇಳುತ್ತಾಳೆ, ಅದನ್ನು ಇಸಕೊಂಡು ನೀನು ನುಂಗುತ್ತೀಯಾ ಅಂತ ಕೇಳಿದರು. ನಾನು ಫೋನ್ ಜೇಬಿಗೆ ಹಾಕಿದೆ. ಬಾಯಿ ಬರದಿದ್ದರೆ ಬರಿ ಅಂತ ಅವರೇ ಗೆರೆ ಎಳೆದ ಹಾಳೆ ಕೊಟ್ಟರು.

ನಾನು ಬರೆಯುತ್ತಾ ಮೂರು ಹಾಳೆ ಹರಿದೆ. ಒಂದರಲ್ಲಿ ತಪ್ಪೆಲ್ಲ ಆಪರೇಟರಮ್ಮನದು ಅನ್ನುವ ಹಾಗೆ ಬಂದಿತ್ತು. ಇನ್ನೊಂದರಲ್ಲಿ ನಿನ್ನದು. ಮೂರನೆಯದರಲ್ಲಿ ನನ್ನ ಅಳುವೇ ಜಾಸ್ತಿ ಆಗಿ, ನೀನು ಓದಿಸಿಕೊಂಡು ಅಯ್ಯೋ ಪಾಪ ಅನ್ನುವ ಹಾಗಿತ್ತು. ನೀನು ಅಯ್ಯೋ ಪಾಪ ಅನ್ನಬಾರದು. ನಾನು ನಾಲ್ಕನೇ ಕ್ಲಾಸು ಮುಗಿಸುವವರೆಗೆ ನೀನು ಯಾರ್ಯಾರ ಮನೆಯ ಬಟ್ಟೆ ಒಗೆದೆ ಅಂತ ನನಗೆ ಗೊತ್ತು. ನಮ್ಮಲ್ಲಿ ಒಬ್ಬರಾದರೂ ಅಕ್ಷರ ಕಲಿಯೋಣ ಅಂತ ನೀನು ಅಂದೆ. ಆ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಪೇಂಟ್ ಅಂಗಡಿಯ ಟೆಂಪೋ ಡ್ರೈವರು ನಿಮ್ಮ ಬೀದಿಯ ಮೇಲೇ ಹೋಗುತ್ತಾನೆ. ಅವನ ಕೈಯಲ್ಲಿ ಕಳಿಸುತ್ತೇನೆ. ನಾಳೆ ಶುಕ್ರವಾರ. ನಾಡಿದ್ದು ನೀನು ಬರುವುದಾದರೆ ನಾನು ಇಲ್ಲಿ ಇರಲೋ ಬೇಡವೋ ಅಂತ ಹೇಳಿ ಕಳಿಸು. ಬೇಡ ಅಂದರೆ ಬೆಳಗ್ಗೆಯೇ ಬೇರೆ ಕಡೆ ಹೋಗಿಬಿಡುತ್ತೇನೆ. ನನ್ನ ಮೇಲಿನ ಸಿಟ್ಟಿಗೆ ಮನೆ ಬಿಡಬೇಡ. ಸಿಟ್ಟನ್ನು ಇಟ್ಟುಕೊಂಡೇ ಮನೆಗೆ ಬಾ. ಜಾಗ ಇದೆ.

ನೀನು ಕೇಳಿದ ಮೂಲೆಗೆ ಬಣ್ಣ ಬಳಿದಿದ್ದೇನೆ.

ಗೋಡೆ ಒಣಗಿದೆ. ಏಳುತ್ತೇನೆ.

ಸುಕ್ಕು ಅಂಗಿಯಲ್ಲಿರುವ
ನಿನ್ನ ತಮ್ಮ

ಮರೆತ ಮಾತು: ಸಾಸಿವೆ, ಇದು ನಿನಗೆ. ಅಮ್ಮನಿಗೆ ಕೇಳಿಸಬೇಡ, ಮನಸ್ಸಿನಲ್ಲೇ ಓದಿಕೋ. ಕಟ್ಟಡದ ನೋಟಿಸು ಬಂದಾಗ ನೀನು ಅಮ್ಮನಿಗೆ ಓದಿ ಹೇಳಿದೆ. ಆಮೇಲೆ ನಾನೂ ಅದನ್ನು ನೋಡಿದೆ. ಸಾಮಾನನ್ನು ಬೀದಿಗೆ ಹಾಕುತ್ತೇವೆ ಅನ್ನುವ ಸಾಲನ್ನು ನೀನು ಅಮ್ಮನಿಗೆ ಓದಿರಲಿಲ್ಲ. ನಾನು ಯಾರಿಗೂ ಹೇಳಿಲ್ಲ. ಈಗ ಈ ಕಾಗದದಲ್ಲೂ ನೀನು ಒಂದು ಕಡೆ ಹಾಗೇ ಮಾಡಿರುತ್ತೀಯ. ಆಪರೇಟರಮ್ಮ ಕೇಳಿದ್ದಕ್ಕೆ ನಾನು ‘ಯಾರೂ ಅಲ್ಲಮ್ಮ’ ಅಂದೆ ಅಂತ ಇದೆಯಲ್ಲ, ಅದನ್ನು ಹಾರಿಸಿ, ಆಮೇಲೆ ಬರುವ ಕಡೆಯೆಲ್ಲ ಏನೋ ಒಂದು ಸೇರಿಸಿ ಓದಿರುತ್ತೀಯ. ನನಗೋಸ್ಕರ ಅಂತ ಗೊತ್ತು. ಹಾಗೆ ಮಾಡಬೇಡ ಕಣೇ. ಹಿಂದಕ್ಕೆ ಹೋಗು. ಬೆರಳಿಟ್ಟುಕೊಂಡು, ಅಮ್ಮನ ಧ್ವನಿಯಷ್ಟೇ ಜೋರಾಗಿ ಓದು. ಮತ್ತೆ ಅವತ್ತು ನೀನು ಏಣಿ ಕೆಳಗೆ ನಿಂತು ಕೇಳಿದೆಯಲ್ಲ, ಅದಕ್ಕೆ ಉತ್ತರ ಬಾಕಿ ಇತ್ತು. ಹೌದು, ಗೊತ್ತು. ನಾನೇ ನಿಮ್ಮ ಮಾಮ.